ಬೋಗಿಯಿಲ್ಲದ ನನ್ನ ಭಾನುವಾರ

ಐವತ್ತರ ದಶಕದಲ್ಲಿ, ಕಂಪನಿಯ ದೊಡ್ಡ ಸಾಹೇಬರ ಕಣ್ಣಿಗೆ ಬೀಳಲೆಂದು ನಾನು ಚೆಂಬೂರಿನಲ್ಲಿ ಗಾಲ್ಫ್ ಕಲಿತೆ. ನನ್ನ ಚೀಲ ಹೊರುತ್ತಿದ್ದ ಕ್ಯಾಡಿ ವಿಜಾಪುರದ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ಯಾವಾಗಲೂ ಬರಿಗಾಲು. ನನ್ನ ಚೆಂಡು ಪೊದೆಗೆ ನುಗ್ಗಿದಾಗಲೆಲ್ಲ, "ಸಿಗ್ತೈತಿ ಬರ್ರಿ ಸಾಹೇಬ್ರ," ಎಂದು ಮುಂದೆ ಓಡುತ್ತಿದ್ದರು. ನಾನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಚೆಂಡು ಹಸನಾದ ಹುಲ್ಲಿನ ಮೇಲೆ ಕೂತಿರುತ್ತಿತ್ತು.

ಹಾಗೆ ಒಂದು ಭಾನುವಾರ, ಹದಿನೆಂಟು ಗುಳಿಗಳಲ್ಲಿ ಒಂದಕ್ಕೂ ನಿಗದಿಗಿಂತ ಹೆಚ್ಚು ಹೊಡೆತ ಬೀಳಲಿಲ್ಲ. ಒಂದೂ ಬೋಗಿಯಿಲ್ಲ! ಮಾಟುಂಗದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರಿಗೆಲ್ಲ ಇದನ್ನು ಬಡಿಸಿದೆ.

ಮುಂದಿನ ತಿಂಗಳು ಪಂದ್ಯಾವಳಿಗೆ ಬಂದ ವೃತ್ತಿಪರ ಆಟಗಾರನಿಗೂ ಇವರೇ ಕ್ಯಾಡಿ. ಪಂದ್ಯಾವಳಿಯ ನಾಲ್ಕು ದಿನವೂ ಬೋಗಿಯಿಲ್ಲದೆ ಆಡಿ ಮುಗಿಸುವವರು ತೀರ ಅಪರೂಪ. ಆತ ಕೊನೆಯ ಗುಳಿಯವರೆಗೂ ಹಾಗೆಯೇ ಆಡಿದ. ಅಲ್ಲಿ ಚೆಂಡು ಮರದ ಬೇರಿನ ಸಂದಿಗೆ ಹೋಯಿತು. ಮೊದಲು ತಲುಪಿದ ಕ್ಯಾಡಿ ಅದರ ಪಕ್ಕ ಕೈಕಟ್ಟಿ ನಿಂತುಬಿಟ್ಟರು. ಒಂದು ಹೊಡೆತ ಹೆಚ್ಚಾಯಿತು, ಬೋಗಿ.

"ನನ್ನ ಚೆಂಡು ಯಾವತ್ತೂ ಹುಲ್ಲಿನ ಮೇಲೇ ಸಿಗ್ತಿತ್ತಲ್ಲ," ಎಂದು ಆಮೇಲೆ ಬೀಗುತ್ತಲೇ ಕೇಳಿದೆ. "ಅವರದ್ದು ಯಾಕೆ ಹೀಗಾಯ್ತು?"

ಅವರು ತಮ್ಮ ಕಾಲ್ಬೆರಳುಗಳನ್ನು ನೋಡಿಕೊಂಡರು.

"ಅವರಿಗೆ ಆಡಾಕ ಬರ್ತೈತ್ರಿ, ಸಾಹೇಬ್ರ."