ಪಸೀತಾಳ ಬಿದಿರು ಕಮಾನು

ಪಸೀತಾಳ ತಲೆಗೆ ಒಂದು ಕೆಲಸ ಹೊಕ್ಕಿತೆಂದರೆ ಮುಗಿಯಿತು, ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಪನಾಯ್ ದ್ವೀಪದ ಆ ಕಡಲಂಚಿನ ಊರಿಗೆಲ್ಲ ಅವಳು ಮನಾಂಗ್, ಅಂದರೆ ಅಕ್ಕ. ಐವತ್ತೆಂಟು ವಯಸ್ಸು, ಗಿಡ್ಡ ಆಳು, ಗಂಟಲು ಮಾತ್ರ ಇಡೀ ಕೇರಿಗೆ ಸಾಕಾಗುವಷ್ಟು. ಚಂಡಮಾರುತ ಸೂರನ್ನೇ ಹೊತ್ತೊಯ್ದ ವರ್ಷ ಅವಳ ಹಿತ್ತಲಲ್ಲಿ ಉಳಿದದ್ದು ಒಂದೇ ಒಂದು ಕೆಂಪು ಹೇಂಟೆ. ಈಗಿರುವ ಕೋಳಿಗಳೆಲ್ಲ ಅದರ ಸಂತಾನವೇ. ಹೇಂಟೆಗೆ ವಯಸ್ಸಾಗಿತ್ತು, ತುಂಟತನ ಮಾತ್ರ ಹೋಗಿರಲಿಲ್ಲ.

ಅದೇ ತುಂಟತನ ಈಗ ಕುತ್ತಿಗೆಗೆ ಬಂದಿತ್ತು. ಪಕ್ಕದ ಮನೆಯ ಮೀನುಗಾರ ಇಲ್ಯೊಂಗನ ಬದನೆ ಸಸಿಗಳನ್ನು ಕೋಳಿಗಳು ಮೂರನೆಯ ಸಲ ಕೆದರಿ ಹಾಕಿದಾಗ ಅವನು ಬೇಲಿಗೆ ಬಂದು ನಿಂತ.

“ಮನಾಂಗ್, ನಿಮ್ಮ ಮೇಲೆ ಗೌರವ ಇದೆ. ನಿಮ್ಮ ಕೋಳಿ ಮೇಲಿಲ್ಲ. ಭಾನುವಾರ ಆದ್ಮೇಲೆ ನನ್ನ ಹಿತ್ತಲಿಗೆ ಕಾಲಿಟ್ಟಿದ್ದು ನನ್ನ ಪಾತ್ರೆಗೆ. ಶುಂಠಿ, ಪರಂಗಿಕಾಯಿ ಎಲ್ಲ ರೆಡಿ ಇದೆ.”

“ಆಗ್ಲಿ ಬಿಡಪ್ಪ,” ಅಂದುಬಿಟ್ಟಳು. ತಪ್ಪು ತನ್ನದೇ ಇರುವಾಗ ಏನು ವಾದ ಮಾಡುವುದು!

ಕೋಳಿಗೂಡಿಗೆ ತಂತಿಬಲೆ ಕೊಳ್ಳುವುದು ಕನಸಿನ ಮಾತು. ಹಿತ್ತಲ ಬಿದಿರನ್ನೇ ಸೀಳಿ, ಬಗ್ಗಿಸಿ, ತುದಿಗಳನ್ನು ಹಗ್ಗದಿಂದ ಎಳೆದು ಕಟ್ಟಿ ಐದು ಕಮಾನು ಮಾಡಿದಳು. ಎರಡು ಉದ್ದನೆಯ ಬಿದಿರಿನ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿ, ಹರಿದ ಮೀನುಬಲೆ ಹೊದಿಸಿದಳು. ಗೂಡಿಗೆ ತಳವಿಲ್ಲ. ಅದೇ ಅವಳ ಉಪಾಯ. ಎರಡು ತರಕಾರಿ ಮಡಿ. ಒಂದರ ಮೇಲೆ ಗೂಡಿಟ್ಟರೆ ಕೋಳಿಗಳೇ ಕೆದರಿ ಗೊಬ್ಬರ ಹಾಕುತ್ತವೆ, ಇನ್ನೊಂದರಲ್ಲಿ ಸೊಪ್ಪು ಬೆಳೆಯುತ್ತದೆ, ಆಮೇಲೆ ಅದಲು ಬದಲು. ಮಡಿಯ ಅಂಚಿನ ತೆಂಗಿನ ದಿಮ್ಮಿಗಳ ಮೇಲೆ ಗೂಡು ಸರಿಯಾಗಿ ಕೂರಬೇಕು, ಅಷ್ಟೆ.

“ಅಗಲ ಎಷ್ಟೇ?” ಎಂದು ಕೇಳಿದ್ದ ಮಡಿ ಅಗೆಯುತ್ತಿದ್ದ ಗಂಡ ಕ್ರಿಸ್ಪೂಲೊ.

“ಒಂದು ಮಾರು.”

ಭಾನುವಾರ ಸಂಜೆ ಗೂಡು ಎತ್ತಿಟ್ಟರೆ, ಅಯ್ಯೋ ದೇವರೇ, ದಿಮ್ಮಿಗಳ ನಡುವೆ ದೊಪ್ಪನೆ ಒಳಗೆ ಬಿತ್ತು! ಮಡಿ ಅಗೆದದ್ದು ಕ್ರಿಸ್ಪೂಲೊನ ನೀಳ ಕೈಗಳ ಮಾರಿನಲ್ಲಿ. ಬಿದಿರು ಕಟ್ಟಿದ್ದು ಇವಳ ಮೋಟು ಕೈಗಳ ಮಾರಿನಲ್ಲಿ.

“ಕೈ ಹಿಡಿಯೋವಾಗ್ಲೇ ಅಳೆದು ನೋಡ್ಬೇಕಿತ್ತು ನಾನು,” ಎಂದ ಗಂಡ.

“ಸುಮ್ನಿರ್ರೀ! ಕೋತಿ ಹಾಗೆ ಕೈ ಚಾಚ್ಕೊಂಡು ಅಳೆದಿದ್ದು ಯಾರು?”

ಇವತ್ತೊಂದು ರಾತ್ರಿ ಹೀಗೇ ಇರಲಿ ಎಂದುಕೊಂಡರು. ಬೆಳಗಾಗುವಷ್ಟರಲ್ಲಿ ಗೂಡಿನಂಚಿನ ಹುಡಿಮಣ್ಣು ಕೆದರಿ ಕೆಂಪು ಹೇಂಟೆ ಹೊರಬಿದ್ದಿತ್ತು. ಇಲ್ಯೊಂಗ ಅದನ್ನು ಕಂಕುಳಲ್ಲಿಟ್ಟುಕೊಂಡೇ ಬಂದ.

ಮಾತು ಕೊಟ್ಟವಳು ಪಸೀತಾಳೇ. ಊರಿಗೇ ಕೇಳುವ ಆ ಗಂಟಲು ಈಗ ಮೇಲೇಳಲಿಲ್ಲ.

“ಬೇರೆ ಯಾವ್ದಾದ್ರೂ ತಗೋ ತಮ್ಮಾ. ಎರಡು ಬೇಕಾದ್ರೂ ತಗೋ. ಅದೊಂದನ್ನ ಬಿಟ್ಬಿಡು.”

ಇಲ್ಯೊಂಗ ಗೂಡನ್ನೇ ನೋಡುತ್ತಿದ್ದ. “ಇದು ನಾನು ಬಿಸಾಕಿದ ಬಲೆ ಅಲ್ವಾ?” ಎಂದವನೇ ಹೇಂಟೆಯನ್ನು ಅವಳ ಕೈಗಿಟ್ಟು ಮಂಡಿಯೂರಿದ. “ಬಿದಿರು ಬಗ್ಗೋ ವಸ್ತು ಮನಾಂಗ್. ಹಗ್ಗ ಇಷ್ಟು ಬಿಗಿ ಕಟ್ಟಿದ್ರೆ ಪಾಪ ಅದೇನು ಮಾಡುತ್ತೆ?”

ಒಂದೊಂದೇ ಹಗ್ಗ ಸಡಿಲಿಸಿದ. ಕಮಾನುಗಳು ಗೇಣು ತಗ್ಗಿ, ಅಗಲಕ್ಕೆ ಹಿಗ್ಗಿ, ಎತ್ತಿಟ್ಟಾಗ ದಿಮ್ಮಿಗಳ ಮೇಲೆ ಸರಿಯಾಗಿ ಕೂತವು. ಪಸೀತಾ ಹೇಂಟೆಯನ್ನು ಎದೆಗವಚಿಕೊಂಡು ಅಲ್ಲೇ ಅತ್ತುಬಿಟ್ಟಳು.

“ಅಳೋದೆಲ್ಲ ಬೇಡ, ಒಪ್ಪಂದ ನಾನು ಮರ್ತಿಲ್ಲ,” ಎಂದ ಇಲ್ಯೊಂಗ. “ನನ್ನ ಹಿತ್ತಲಿಗೆ ಬಂದ ಕೋಳಿ ನಂದೇ. ಆದ್ರೆ ಅದು ಕೆದರಿದ ಜಾಗ ನೋಡಿದೆ, ಮಣ್ಣು ಹಿಟ್ಟಿನ ಹಾಗಾಗಿದೆ. ಬದನೆ ಮುಗಿದ್ಮೇಲೆ ಗೂಡು ನನ್ನ ಮಡಿಗೆ ಬರ್ಬೇಕು. ಈ ನಿಮ್ಮ ಹೇಂಟೆ ಇದೆಯಲ್ಲ, ಇವಳೂ ಬರ್ಬೇಕು.”

ಬದನೆ ಮುಗಿಯಿತು. ಈ ಸಲ ಅವನ ಮಡಿಯನ್ನು ಹಗ್ಗ ಹಿಡಿದೇ ಅಳೆದರು. ಹಿಂದೆಲ್ಲ ಊರವರು ಸೇರಿ ಇಡೀ ಬಿದಿರಿನ ಮನೆಯನ್ನೇ ಹೆಗಲ ಮೇಲೆ ಹೊತ್ತು ಸಾಗಿಸುತ್ತಿದ್ದರಂತೆ. ಗೂಡಿಗೆ ನಾಲ್ಕು ಜನ ಸಾಕಾಯಿತು. ಬೇಲಿ ತೆಗೆದು, ನೆಲದಿಂದ ನಾಲ್ಕೇ ಬೆರಳು ಎತ್ತಿ ಹೆಜ್ಜೆ ಹೆಜ್ಜೆಯಾಗಿ ನಡೆದರು. ಒಳಗೆ ಕೋಳಿಗಳೂ ನಡೆದವು, ಎಲ್ಲಕ್ಕಿಂತ ಮುಂದೆ ಕೆಂಪು ಹೇಂಟೆ.

“ನಿಧಾನ, ನಿಧಾನ!” ಮುಂದಿನ ಮೂಲೆ ಹಿಡಿದಿದ್ದ ಇಲ್ಯೊಂಗ ಗದರಿದ. “ಅವಳ ಕಾಲು ನೋಡ್ಕೊಂಡು ಇಳಿಸ್ರೋ!”