ನೆಟ್ಟಾ ಗೂರ್ಲಿಗೆ ಸಿಕ್ಕ ಅಮ್ಮ

ನಮ್ಮೂರಿಗೆ ಕಡಲ ಮಂಜು ಬಂದರೆ ಮನುಷ್ಯರು ಕಾಣುವುದಿಲ್ಲ, ಕೆಂಪು ನಿಲುವಂಗಿಗಳು ಮಾತ್ರ ಕಾಣುತ್ತವೆ. ಆ ದಪ್ಪ ಉಣ್ಣೆಯ ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು ಕಾಲಿಲ್ಲದವರಂತೆ ತೇಲಿಕೊಂಡು ತರಗತಿಗೆ ಹೋಗುತ್ತಾರೆ. ಮುರಿದ ಕೆಥೆಡ್ರಲಿನ ಗೋಡೆಗಳು ಒಮ್ಮೆ ಇರುತ್ತವೆ, ಒಮ್ಮೆ ಇರುವುದಿಲ್ಲ. ಗಂಟೆ ಎಲ್ಲಿಂದ ಹೊಡೆಯುತ್ತಿದೆ ಎನ್ನುವುದೇ ತಿಳಿಯುವುದಿಲ್ಲ. ದೂರದಿಂದ ಎಲ್ಲರೂ ಚೆಲುವರೇ. ಹತ್ತಿರ ಬಂದಾಗಲೇ ಯಾರ ಮೂಗು ಸೋರುತ್ತಿದೆ ಎಂದು ಗೊತ್ತಾಗುವುದು. ನೆಟ್ಟಾ ಗೂರ್ಲಿಯನ್ನು ನಾನು ಮೊದಲು ನೋಡಿದ್ದು ಸೆಪ್ಟೆಂಬರಿನ ಅಂಥ ಒಂದು ಬೆಳಿಗ್ಗೆ. ನಿಲುವಂಗಿ ಎರಡೂ ಭುಜಗಳ ಮೇಲೆ ಬಿಗಿಯಾಗಿ ಕೂತಿತ್ತು. ಮೊದಲ ವರ್ಷದವರು ತೊಡುವುದು ಹಾಗೆ. ವರ್ಷ ಕಳೆದಂತೆ ಅದು ಜಾರುತ್ತಾ ಜಾರುತ್ತಾ ಮೊಣಕೈಗೆ ಬರುತ್ತದೆ. ಯಾರೋ ಹೊಸ ಹುಡುಗಿ ದಾರಿ ತಪ್ಪಿದ್ದಾಳೆ ಎಂದುಕೊಂಡು ಹತ್ತಿರ ಹೋದೆ. ಹೋದರೆ ಐವತ್ತೇಳು ವರ್ಷದ ಹೆಂಗಸು. ನರೆತ ಕೂದಲು, ಚಳಿಗೆ ಕೆಂಪೇರಿದ ದೊಡ್ಡ ಕೈಗಳು.

ಇತಿಹಾಸದ ತರಗತಿ ಎಲ್ಲಿ ಎಂದು ಆಕೆ ಕೇಳಿದರು, ತೋರಿಸಿದೆ. ಅಷ್ಟಕ್ಕೇ ಬಿಡದೆ ನನ್ನ ಮಫ್ಲರನ್ನು ಎಳೆದು ಬಿಗಿ ಮಾಡಿ, "ಕುತ್ತಿಗೆ ಮುಚ್ಕೋ ಕೂಸೇ" ಎಂದು ಹೇಳಿ ಮಂಜಿನೊಳಗೆ ಹೋದರು. ನಮ್ಮಮ್ಮ ಒಂದು ಗಂಟೆಯ ದಾರಿಯ ಪರ್ತ್‌ನಲ್ಲಿ ಕೂತು ಫೋನಿನಲ್ಲಿ ಇದನ್ನೇ ಹೇಳಿದಾಗ ನನಗೆ ಮೈ ಉರಿದಿತ್ತು. ಈಕೆ ಹೇಳಿದಾಗ ಯಾಕೋ ಉರಿಯಲಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಹೊಸಬರನ್ನು ಅನಾಥರಾಗಿ ಬಿಡುವ ಪದ್ಧತಿ ಇಲ್ಲ. ಮೂರನೇ ವರ್ಷದ ಒಬ್ಬ ಹುಡುಗಿ, ಒಬ್ಬ ಹುಡುಗ ಸುಳ್ಳು ಮದುವೆ ಮಾಡಿಕೊಂಡು, ಹೊಸಬರಲ್ಲಿ ಕೆಲವರನ್ನು ದತ್ತು ತೆಗೆದುಕೊಂಡು ಅಪ್ಪ ಅಮ್ಮ ಆಗುತ್ತಾರೆ. ಊರು ತೋರಿಸುವುದು, ಅಳುವಾಗ ಚಹಾ ಕೊಡುವುದು, ಬೇಡದ್ದನ್ನೆಲ್ಲ ಕಲಿಸುವುದು ಅವರ ಪಾಲಿನ ಕೆಲಸ. ಕೇಳಬೇಕಾದವರು ದೊಡ್ಡವರು, ನನ್ನನ್ನು ಮಗಳು ಮಾಡಿಕೋ ಎಂದು ಯಾರೂ ತಾವಾಗಿ ಕೇಳುವುದಿಲ್ಲ. ಆ ವರ್ಷ ನನಗೂ ಒಬ್ಬ ಗಂಡನಿದ್ದ, ಕ್ರಾಫರ್ಡ್ ಎಂದು. ಭೂವಿಜ್ಞಾನ ಓದುತ್ತಿದ್ದ, ಕಲ್ಲುಗಳ ಸಹವಾಸದಿಂದಲೋ ಏನೋ ಕೂತಲ್ಲಿಂದ ಏಳುತ್ತಿರಲಿಲ್ಲ. ಸಕ್ಕರೆ ಮಿಠಾಯಿಯ ಉಂಗುರ ತೊಡಿಸಿ ನನ್ನನ್ನು ಮದುವೆಯಾದವನು, ಅದೇ ಸಂಜೆ ಆ ಉಂಗುರವನ್ನು ತಾನೇ ತಿಂದ.

ಮೊದಲ ವಾರದ ಕೊನೆಗೆ ಅವನ ಮನೆಯಲ್ಲಿ ಚಹಾ ಕೂಟ ನಡೆಯಿತು. ಅಪ್ಪ ಅಮ್ಮಂದಿರು ಮಕ್ಕಳನ್ನು ಆರಿಸಿಕೊಳ್ಳುವುದು ಅಲ್ಲೇ. ನೆಟ್ಟಾ ಒಳ್ಳೆಯ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ ಬಂದರು. ಬಾಗಿಲಲ್ಲಿದ್ದ ಹುಡುಗ ಅವರನ್ನು ಮನೆಯೊಡತಿ ಎಂದುಕೊಂಡು, ಗದ್ದಲ ಕಮ್ಮಿ ಮಾಡುತ್ತೇವೆ ಎಂದು ಕ್ಷಮೆ ಕೇಳಿದ. ಒಳಗಿದ್ದ ಒಬ್ಬಳು ಕೆಲಸದವರೆಂದು ಭಾವಿಸಿ ಕಪ್ಪುಗಳ ತಟ್ಟೆಯನ್ನು ಕೈಗಿಟ್ಟಳು. ನೆಟ್ಟಾ ಆ ತಟ್ಟೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಗೆ ಹೋಗಿ ತೊಳೆದರು.

ಆಕೆಯೂ ಹೊಸ ವಿದ್ಯಾರ್ಥಿನಿ ಎಂದು ತಿಳಿದ ಮೇಲೆ ಎಲ್ಲರೂ ನಾಲಿಗೆ ಕಚ್ಚಿಕೊಂಡರು, ನಿಜ. ಆದರೆ ಅಷ್ಟರಲ್ಲಿ ಒಬ್ಬನ ಅಂಗಿಗೆ ಗುಂಡಿ ಹೊಲಿದಾಗಿತ್ತು, ಮನೆ ನೆನಪಾಗಿ ಅಳುತ್ತಿದ್ದ ನೆರಿಸ್ ಎಂಬ ವೇಲ್ಸ್ ಹುಡುಗಿಯ ತಲೆ ಸವರಿಯಾಗಿತ್ತು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಹೊಸ ಮಕ್ಕಳೆಲ್ಲ ಅವರನ್ನು ಮುತ್ತಿಕೊಂಡರು. ಸಂಜೆಯಾಗುತ್ತಲೇ ಒಬ್ಬೊಬ್ಬರೂ ತಮಗೆ ಸಿಕ್ಕ ಅಮ್ಮನ ಹಿಂದೆ ಹೊರಟರು. ನೆರಿಸ್ ಮತ್ತು ಪಿಯರ್ಸ್ ಎಂಬ ಬೆಣ್ಣೆ ಮುದ್ದೆಯಂಥ ಲಂಡನ್ನಿನ ಹುಡುಗ ನನ್ನ ಪಾಲಿಗೆ ಬಂದರು. ನೆಟ್ಟಾರನ್ನು ಯಾರೂ ಕೇಳಲಿಲ್ಲ. ಅವರಿಗೆ ಅಮ್ಮ ಬೇಕಿರಬಹುದು ಎಂದು ಯಾರಿಗೂ ಹೊಳೆಯಲೇ ಇಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ನಾವೆಲ್ಲ ಕೆಂಪು ನಿಲುವಂಗಿಯಲ್ಲಿ ಬಂದರಿನ ಕಲ್ಲುಕಟ್ಟೆಯ ತುದಿಯವರೆಗೆ ನಡೆದು ಬರುತ್ತೇವೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಅಕ್ಟೋಬರಿನ ಒಂದು ಭಾನುವಾರ ಮಂಜು ಎಷ್ಟು ಗಾಢವಾಗಿತ್ತೆಂದರೆ ಎರಡೂ ಬದಿಯ ಸಮುದ್ರ ಕಾಣುತ್ತಿರಲಿಲ್ಲ, ಅದರ ಉಸಿರಾಟ ಮಾತ್ರ ಕೇಳುತ್ತಿತ್ತು. ಎಷ್ಟು ನಡೆದರೂ ಕಟ್ಟೆ ಮುಗಿಯುವುದೇ ಇಲ್ಲ ಅನ್ನಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ನೆಟ್ಟಾ ನಡೆಯುತ್ತಿರುವುದು ಗೊತ್ತಾಯಿತು. ಮಂಜಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಜನ ಸುಲಭವಾಗಿ ಮಾತಾಡುತ್ತಾರೆ.

ಹದಿನೇಳನೇ ವಯಸ್ಸಿನಲ್ಲಿ ಇದೇ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸೀಟು ಸಿಕ್ಕಿತ್ತಂತೆ. ಆ ಬೇಸಿಗೆಯಲ್ಲೇ ತಾಯಿ ತೀರಿಕೊಂಡರು. ಬೆನ್ನ ಹಿಂದೆ ತಮ್ಮಂದಿರು, ತಂಗಿಯರ ಸಾಲೇ ಇತ್ತು. ಇಲ್ಲಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರದ ಪಿಟನ್‌ವೀಮ್‌ನಲ್ಲಿ ಮೀನು ಕತ್ತರಿಸುವ ಮೇಜಿನ ಮುಂದೆ ನಿಂತವರು, ತಂಗಿಯರ ಮದುವೆ, ತಮ್ಮ ಹೊಟ್ಟೆಯ ಇಬ್ಬರು ಗಂಡುಮಕ್ಕಳು, ಗಂಡನ ಕಾಯಿಲೆ ಎಲ್ಲ ಮುಗಿಯುವವರೆಗೂ ನಿಂತೇ ಇದ್ದರು. ಈಗ ದೊಡ್ಡ ಮಗ ಗ್ರೇಮ್ ದಿನಕ್ಕೊಮ್ಮೆ ಫೋನು ಮಾಡಿ, ಮಗು ನೋಡಿಕೊಳ್ಳಲು ಬಾ, ಈ ಹುಡುಗಾಟ ಸಾಕು ಅನ್ನುತ್ತಾನೆ. ಆಗಲೇ ಎಷ್ಟೋ ಪಾಠಗಳು ತಪ್ಪಿವೆ. ಹೀಗೇ ಆದರೆ ಕ್ರಿಸ್‌ಮಸ್‌ಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದು ಮೇಷ್ಟರು ಹೇಳಿದ್ದಾರೆ.

"ಹೋಗಲ್ಲ ಅನ್ನಬಹುದಲ್ಲ?" ಎಂದೆ.

"ಅಮ್ಮಾ ಅಂತ ಯಾರಾದ್ರೂ ಕೂಗಿದ್ರೆ ನನ್ನ ಕಾಲು ತಾನಾಗೇ ಏಳುತ್ತೆ ಕೂಸೇ. ನನ್ನನ್ನ ಕೇಳೋದೇ ಇಲ್ಲ." ನಿಲುವಂಗಿಯನ್ನು ಮೈಗೆ ಸುತ್ತಿಕೊಂಡರು. "ಇಲ್ಲಿ ಎಲ್ರಿಗೂ ಒಬ್ಬ ಅಮ್ಮ ಸಿಗ್ತಾಳೆ ಅಂತ ಓದಿದ್ದೆ. ನಗಬೇಡ, ನಾನು ಅದಕ್ಕೂ ಆಸೆಪಟ್ಟಿದ್ದೆ."

ನನಗೆ ನಗು ಬರಲಿಲ್ಲ. ಕೋಪ ಬಂತು. "ಹಾಗಿದ್ರೆ ನಾನಾಗ್ತೀನಿ. ಹೂಂ ಅನ್ನಿ."

"ನಂಗಾ? ನನ್ನ ಚಿಕ್ಕ ಮಗನಿಗಿಂತ ಚಿಕ್ಕೋಳು ನೀನು."

"ಅಮ್ಮನ ವಯಸ್ಸು ಕೇಳಬಾರದು. ಹೂಂ ಅನ್ನು."

ಮಂಜಿನೊಳಗಿಂದ "ಹೂಂ" ಎಂದು ಬಂತು, ತೀರಾ ಸಣ್ಣ ದನಿಯಲ್ಲಿ. ಆ ಗಳಿಗೆಯಿಂದ ನೆಟ್ಟಾ ನನಗೆ ಅವಳಾದಳು. ಮಗಳಿಗೆ ಯಾರು ಬಹುವಚನ ಹಚ್ಚುತ್ತಾರೆ?

ಅಮ್ಮನಾಗುವುದು ನಾನು ತಿಳಿದಷ್ಟು ಸುಲಭವಲ್ಲ. ನಾನು ಮಾಡಿದ ಓಟ್ಸ್ ಗಂಜಿ ತಳ ಹಿಡಿಯುತ್ತಿತ್ತು; ಅವಳು ಪೂರ್ತಿ ತಿನ್ನುತ್ತಿದ್ದಳು, ಆಮೇಲೆ ನನಗೆ ಗೊತ್ತಾಗದ ಹಾಗೆ ಪಾತ್ರೆ ಉಜ್ಜಲು ಹೋಗುತ್ತಿದ್ದಳು. ನಾನು ಕೈಯಿಂದ ಪಾತ್ರೆ ಕಿತ್ತುಕೊಂಡು, ಹೋಗಿ ಓದು ಎಂದು ಗದರಬೇಕಾಗುತ್ತಿತ್ತು. ಗದರಿದರೆ ಅವಳ ಮುಖದಲ್ಲಿ ಏನೋ ಒಂದು ಸುಖ. ಗ್ರಂಥಾಲಯದ ಕಿಟಕಿಯ ಪಕ್ಕ, ಹಳೆಯ ರಾಜರ ಕಾಲದ ಪುಸ್ತಕದ ಮೇಲೆ ಗಲ್ಲ ಊರಿ, ಹೊರಗೆ ಬಿಳಿಯಾಗಿ ಕರಗುತ್ತಿರುವ ಬೀದಿಯನ್ನು ನೋಡುತ್ತಾ ಅವಳು ಕೂತಿರುವುದನ್ನು ಎಷ್ಟೋ ಸಲ ದೂರ ನಿಂತು ನೋಡಿದ್ದೇನೆ. ಆಗ ಅವಳಿಗೆ ಹದಿನೇಳೇ. ಫೋನು ಬಂದರೆ ಮಾತ್ರ ತಟ್ಟನೆ ಐವತ್ತೇಳು. ಕೋಟು ಹಾಕಿಕೊಂಡು ಬಸ್ಸಿಗೆ ಓಡುವಳು.

ಹೀಗೆ ಇರುವಾಗ ಒಣದ್ರಾಕ್ಷಿ ಹಬ್ಬ ಬಂತು. ಹಳೆಯ ಕಾಲದಲ್ಲಿ ಮಕ್ಕಳು ಅಪ್ಪ ಅಮ್ಮನಿಗೆ ಆ ಭಾನುವಾರ ಒಂದು ಪೊಟ್ಟಣ ಒಣದ್ರಾಕ್ಷಿ ಕೊಡುತ್ತಿದ್ದರಂತೆ. ಈಗಿನ ಮಕ್ಕಳು ದ್ರಾಕ್ಷಿಯ ರಸವನ್ನೇ ಶೀಸೆಯಲ್ಲಿ ತಂದು, ತಂದದ್ದರಲ್ಲಿ ಮುಕ್ಕಾಲನ್ನು ತಾವೇ ಕುಡಿಯುತ್ತಾರೆ. ನೆಟ್ಟಾ ಮಾತ್ರ ನಿಜವಾದ ಒಣದ್ರಾಕ್ಷಿ ಹಾಕಿ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಕಡುಬು ತಂದಳು. ಮಧ್ಯಾಹ್ನ ಇನ್ನೂ ಪೂರ್ತಿ ಕಳೆದಿರಲಿಲ್ಲ, ಕುಡಿದದ್ದು ಹೆಚ್ಚಾಗಿ ಪಿಯರ್ಸ್ ಬೆಳ್ಳಗಾದ, ವಾಂತಿ ತಡೆಯಲು ಬಾಯಿಗೆ ಕೈ ಒತ್ತಿಕೊಂಡ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆತ್ತಿರಲಿಲ್ಲವಾದ್ದರಿಂದ ನನಗೆ ಹೇಸಿಗೆಯೇ ಆಯಿತು. ಅಷ್ಟರಲ್ಲಿ ನೆಟ್ಟಾ ಎದ್ದಾಗಿತ್ತು. ತೋಳು ಮಡಿಸಿಕೊಂಡು ಬೋಗುಣಿ ಹುಡುಕುತ್ತಿದ್ದಳು.

"ಕೂತ್ಕೋ" ಎಂದೆ.

"ಪಾಪ, ಅವನು..."

"ಕೂತ್ಕೋ ನೆಟ್ಟಾ. ಅಮ್ಮ ನಾನು."

ಅವಳು ಕೂತಳು. ಬೋಗುಣಿ ಹಿಡಿದದ್ದು ನಾನು, ಪಿಯರ್ಸನ ಬೆನ್ನು ಸವರಿದ್ದು ನಾನು, ನೆಲ ಒರೆಸಿದ್ದೂ ನಾನೇ. ಕ್ರಾಫರ್ಡ್ ಎಂಬ ತಂದೆ ಕಲ್ಲಿನಂತೆ ಕೂತೇ ಇದ್ದ. ಎಲ್ಲ ಮುಗಿಸಿ ಬಂದು ನೋಡಿದರೆ ನೆಟ್ಟಾ ಸೋಫಾದಲ್ಲಿ ಕಾಲು ಮಡಚಿಕೊಂಡು ನಿದ್ದೆ ಹೋಗಿದ್ದಳು. ಕಿಟಕಿಯಿಂದ ಹಳದಿ ಬೆಳಕು ಬಿದ್ದಿತ್ತು. ನನ್ನ ಕೋಟು ಹೊದಿಸಿದೆ. ನಿದ್ದೆಗಣ್ಣಿನಲ್ಲೇ ಕೋಟನ್ನು ಗಲ್ಲದವರೆಗೆ ಎಳೆದುಕೊಂಡು, ಸಣ್ಣ ಮಗುವಿನ ದನಿಯಲ್ಲಿ ಯಾರನ್ನೋ ಕರೆದಳು. ಯಾರನ್ನು ಎಂದು ನನಗೆ ಗೊತ್ತು, ಹೇಳುವುದಿಲ್ಲ.

ಮರುದಿನ ಸೋಮವಾರ ಅಮ್ಮಂದಿರು ಮಕ್ಕಳಿಗೆ ವೇಷ ಕಟ್ಟಿ ಮೆರವಣಿಗೆಯಲ್ಲಿ ಕಾಲೇಜಿನ ಅಂಗಳಕ್ಕೆ ಕಳಿಸಬೇಕು. ಅಲ್ಲಿ ಮೊದಲ ವರ್ಷದವರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಸೋಪಿನ ನೊರೆ ಎರಚಾಡುತ್ತಾರೆ. ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ನನ್ನ ಮಕ್ಕಳಿಗೆ ಜೇನುನೊಣದ ವೇಷ ಹಾಕಿದೆ. ಹಳದಿ ಕಪ್ಪು ಪಟ್ಟೆ, ಬೆನ್ನಿಗೆ ರಟ್ಟಿನ ರೆಕ್ಕೆ, ತಲೆಗೆ ತಂತಿಯ ಮೀಸೆ. ನೆಟ್ಟಾ ಕನ್ನಡಿ ನೋಡಿ ಹೊಟ್ಟೆ ಹಿಡಿದು ನಕ್ಕಳು. ನೆರಿಸ್ ಮತ್ತು ಪಿಯರ್ಸ್ ಮುಂದೆ ಓಡಿದರು. ನಾನು ನೆಟ್ಟಾಳ ಕೈ ಹಿಡಿದುಕೊಂಡು ಕಮಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ಅಮ್ಮಾ!"

ಅವಳ ಕೈ ನನ್ನ ಕೈಯಿಂದ ಜಾರಿತು. ರಸ್ತೆಯಂಚಿಗೆ ವ್ಯಾನು ನಿಲ್ಲಿಸಿಕೊಂಡು ಗ್ರೇಮ್ ನಿಂತಿದ್ದ, ತೋಳಿನಲ್ಲಿ ನೆಗಡಿಯಾದ ಪುಟ್ಟ ಐಲ್ಸಾ. ಅವನೇನೂ ಕೆಟ್ಟವನಲ್ಲ. ನಲ್ಲಿ ರಿಪೇರಿ ಮಾಡುವವನು, ಯಾರದೋ ಮನೆಯಲ್ಲಿ ಪೈಪು ಒಡೆದಿತ್ತು, ಹೆಂಡತಿ ಆಸ್ಪತ್ರೆಯ ಪಾಳಿಯಲ್ಲಿದ್ದಳು, ಶಿಶುವಿಹಾರದವರು ನೆಗಡಿಯ ಮಗು ಬೇಡ ಅಂದಿದ್ದರು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತಾಯಿ ಜೇನುನೊಣವಾಗಿರುವುದು ಆಮೇಲೆ ಕಣ್ಣಿಗೆ ಬಿತ್ತು. ನೆಟ್ಟಾ ಆಗಲೇ ಬೆನ್ನ ಮೇಲಿನ ರೆಕ್ಕೆಯ ಗಂಟು ಬಿಚ್ಚುತ್ತಿದ್ದಳು. ಅಂಗಳದೊಳಗಿಂದ ಕೇಕೆ ಕೇಳಿಬಂತು. ಅವಳು ಆ ಕಡೆ ನೋಡಲಿಲ್ಲ.

ನಾನು ಇಬ್ಬರ ನಡುವೆ ಹೋಗಿ ನಿಂತೆ. "ಇವತ್ತು ಅವಳಿಗೆ ಬಿಡುವಿಲ್ಲ."

"ನೀವ್ಯಾರು?"

"ಅವಳ ಅಮ್ಮ."

ಗ್ರೇಮ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹುಟ್ಟಿದ್ದು ಪಿಟನ್‌ವೀಮ್‌ನಲ್ಲಿ, ಈ ಊರಿನ ಹುಚ್ಚಾಟ ಅವನಿಗೆ ಗೊತ್ತಿಲ್ಲದ್ದಲ್ಲ. ಬಾಯಿಯ ಒಂದು ಮೂಲೆ ಮೇಲೆದ್ದಿತು. "ಹಾಗಾದ್ರೆ ನೀವು ನಂಗೆ ಅಜ್ಜಿ ಆಗ್ಬೇಕು."

"ಆಗ್ಬೇಕು. ಅದಕ್ಕೇ ಅಜ್ಜಿ ಮಾತು ಕೇಳು. ಮಗೂನ ನನ್ನ ಕೈಗೆ ಕೊಟ್ಟು ನೀನು ಪೈಪ್ ಕಟ್ಟೋಕೆ ಹೋಗು."

ಅವನು ನಗಲಿಲ್ಲ. ತಾಯಿಯ ಕಡೆ, ಅವಳ ತಲೆಯ ಮೇಲೆ ಅಲ್ಲಾಡುತ್ತಿದ್ದ ತಂತಿಯ ಕಡೆ ನೋಡುತ್ತಾ ನಿಂತ. "ನಮ್ಮಮ್ಮ ಆಟ ಆಡಿದ್ದು ನಾನು ನೋಡೇ ಇಲ್ಲ" ಎಂದ, ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. ಆಮೇಲೆ ಐಲ್ಸಾಳನ್ನು ನನ್ನ ತೋಳಿಗೆ ದಾಟಿಸಿದ. ನನ್ನ ಮರಿಮಗಳು ನನ್ನ ನಿಲುವಂಗಿಗೇ ಮೂಗು ಒರೆಸಿಕೊಂಡಿತು.

ಇಷ್ಟಾದರೂ ನೆಟ್ಟಾ ಕದಲಲಿಲ್ಲ. ಬಿಚ್ಚಿದ ಗಂಟನ್ನು ಹಿಡಿದುಕೊಂಡು ಮಗನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಕಮಾನಿನಾಚೆಯ ಬಿಳಿ ನೊರೆಯನ್ನು ನೋಡಿದಳು. ಹದಿನೇಳರಿಂದ ಇಲ್ಲಿಯವರೆಗೆ ಎಲ್ಲರೂ ಅವಳ ಅಪ್ಪಣೆ ಕೇಳಿಯೇ ಹೊರಗೆ ಹೋಗಿದ್ದರು, ತಂಗಿಯರು, ತಮ್ಮಂದಿರು, ಮಕ್ಕಳು. ಕೇಳುವುದಕ್ಕೆ ಅವಳಿಗೆ ಮಾತ್ರ ಯಾರೂ ಇರಲಿಲ್ಲ. ಕೊನೆಗೆ ನನ್ನತ್ತ ತಿರುಗಿದಳು.

"ಅಮ್ಮಾ, ನಾನು ಹೋಗ್ಲಾ?"

ಒಂದೇ ಕೈಯಿಂದ ಅವಳ ರೆಕ್ಕೆಯನ್ನು ಮತ್ತೆ ಗಂಟು ಹಾಕಿದೆ. "ಹೋಗು ಮಗಳೇ. ಒದ್ದೆ ಬಟ್ಟೇಲಿ ಜಾಸ್ತಿ ಹೊತ್ತು ನಿಲ್ಬೇಡ."

ಐವತ್ತೇಳು ವರ್ಷದ ಆ ಹೆಂಗಸು ಕಮಾನಿನೊಳಗೆ ಓಡಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.