ಹಿನ್ನೀರಿನ ದಂಡೆಯಲ್ಲಿ ಬೇಯದ ಅಕ್ಕಿ

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ನನ್ನ ಮುಂದೆ ಬಾಯಿ ತೆಗೆದರೆ ಎದ್ದು ಹೋಗು ಅಂತಿದ್ದೆ. ನನ್ನ ಗಂಡ ಸತ್ತ ಮೇಲೆ ಅದೇ ಮನೆಯಲ್ಲಿ ಅದೇ ಮಂಚದ ಮೇಲೆ ಒಬ್ಬಳೇ ಮಲಗಿದೆ. ಇಲಿ ಬಿಟ್ಟರೆ ಯಾರೂ ಬರಲಿಲ್ಲ. ಸತ್ತವರು ಸತ್ತರು, ಮುಗೀತು ಅಂತ ತಿಳಿದವಳು ನಾನು. ಈಗಲೂ ಹಂಗೇ ತಿಳಿದಿದ್ದೀನಿ, ಒಂದು ದಿನದ ಮಾತು ಬಿಟ್ಟು. ಆ ದಿನದ್ದು ಇಲ್ಲಿ ಬರೀತೀನಿ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದ್ರಿ. ಹೆಸರುಗಳನ್ನು ಬದಲು ಮಾಡಿದ್ದೀನಿ. ಯಾಕೆ ಅಂತ ಕೊನೆಗೆ ನಿಮಗೇ ತಿಳಿಯುತ್ತದೆ.

ನಮ್ಮ ಮನೆ ಟಿ.ಬಿ. ಡ್ಯಾಂ ಹತ್ತಿರ. ಅಡುಗೆ ನನ್ನ ಕಸುಬು. ಮದುವೆಗೆ ಕರೆದರೂ ಹೋಗುತ್ತಿದ್ದೆ, ತಿಥಿಗೆ ಕರೆದರೂ ಹೋಗುತ್ತಿದ್ದೆ. ಕೈ ಒಂದೇ, ಉಪ್ಪು ಒಂದೇ. ಭಾಳ ವರ್ಷದ ಹಿಂದೆ, ಒಂದು ದೀಪಾವಳಿ ಮುಗಿದ ಮೇಲೆ, ನೀರಲ್ಲಿ ಮುಳುಗಿದವರನ್ನು ಹುಡುಕಿ ಎತ್ತುವ ತರಬೇತಿ ಅಂತ ಮರಿಯಮ್ಮನಹಳ್ಳಿ ಕಡೆ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕಿದ್ದರು. ಕಲಿಯೋಕೆ ಬಂದವರು ನಮ್ಮ ಸುತ್ತಮುತ್ತಲ ಹುಡುಗರೇ. ಸಂಡೂರಿನ ಮೈನ್ಸ್‌ನಲ್ಲಿ ದುಡಿಯೋರು, ಹಂಪಿ ಬಜಾರಿನಲ್ಲಿ ಆಟೋ ಓಡಿಸೋರು, ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಮೂಟೆ ಹೊರೋರು. ಯಾರಿಗೂ ಸಂಬಳ ಇಲ್ಲ, ತಾವಾಗಿ ಬಂದವರು. ಕಲಿಸೋಕೆ ಹೊರಗಿನಿಂದ ಒಬ್ಬ ಸಾಹೇಬ ಬಂದಿದ್ದ. ಅವರಿಗೆಲ್ಲ ಬೇಯಿಸಿ ಹಾಕೋದು ನನ್ನ ಕೆಲಸ.

ನನ್ನ ಜೊತೆ ಹುಲಿಗೆಮ್ಮ ಇದ್ದಳು. ಭಾಳ ವರ್ಷದಿಂದ ನನ್ನ ಕೈ ಕೆಳಗೆ ಕೆಲಸ ಮಾಡಿದವಳು. ನಾನು ಸಾರು, ಪಲ್ಯ ನೋಡಿಕೊಂಡರೆ ಅನ್ನ ಅವಳದು. ಅಕ್ಕಿ ಆರಿಸಿ, ತೊಳೆದು, ಎಸರಿಗೆ ಹಾಕಿ, ಗಂಜಿ ಬಸಿಯೋವರೆಗೆ ನಾನು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಷ್ಟು ಪಕ್ಕಾ ಕೈ.

ಆಗ ಅವಳ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಕಂಪ್ಲಿ ಹತ್ತಿರದವರು. ಮದುವೆ ಹತ್ತಿರ ಬಂದರೂ ಹುಲಿಗೆಮ್ಮನ ಗಂಡ ಪಂಪಾಪತಿ ಊರಲ್ಲಿ ಇರಲಿಲ್ಲ. ಕುಡಿದು, ಹೆಂಡತಿ ಜೊತೆ ಜಗಳ ಮಾಡಿ, ಗೋವಾಕ್ಕೆ ಲಾರಿ ಹತ್ತುತ್ತೀನಿ ಅಂತ ಕೂಗಾಡಿ ಹೋದವನು ಎರಡು ಮೂರು ವಾರವಾದರೂ ಬಂದಿರಲಿಲ್ಲ. ಹಿಂದೆಯೂ ಎಷ್ಟೋ ಸಲ ಹಂಗೇ ಹೋಗಿ ಬಂದಿದ್ದ. ಹುಡುಕೋಕೆ ಯಾರೂ ಹೋಗಲಿಲ್ಲ. ಗಂಡಿನ ಕಡೆಯ ಅಜ್ಜಿಯೊಬ್ಬಳು ಮಾತ್ರ ಆಗಲೇ ಗೊಣಗುತ್ತಿದ್ದಳು, ಹುಡುಗಿ ಕಾಲ್ಗುಣ ಏನೋ, ಮದುವೆ ಮಾತಾಡಿದ ಮೇಲೆ ಅಪ್ಪ ಕಾಣ್ತಾ ಇಲ್ಲ ಅಂತ. "ಧಾರೆಗೆ ಬರ್ತಾರ್ರಿ, ಗೋವಾದಾಗ ರಜಾ ಕೇಳ್ಯಾರ" ಅಂತ ಹುಲಿಗೆಮ್ಮ ಸುಳ್ಳು ಹೇಳಿ ಬಾಯಿ ಮುಚ್ಚಿಸಿದ್ದಳು. ಇನ್ನೊಂದು ಮಾತು ಎದ್ದರೆ ಮದುವೆ ಮುರಿಯುತ್ತದೆ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ದಿನ ಬೆಳಗ್ಗೆ ಹುಡುಗರಿಗೆ ಮಂಡಕ್ಕಿ ವಗ್ಗರಣಿ, ಮಿರ್ಚಿ ಕೊಟ್ಟು ಕಳಿಸಿದೆವು. ಸಾಹೇಬ ಗೋಣಿಚೀಲಕ್ಕೆ ಮರಳು, ತೆಂಗಿನ ನಾರು ತುಂಬಿಸಿ ಆಳೆತ್ತರದ ಬೊಂಬೆ ಮಾಡಿಸಿದ್ದ. ಅದಕ್ಕೆ ಪ್ಯಾಂಟು, ಅಂಗಿ ಹಾಕಿಸಿ, ಹುಡುಗರಿಗೆ ಕಾಣದಂಗೆ ನೀರಲ್ಲಿ ಎಲ್ಲೋ ಮುಳುಗಿಸಿ ಬಂದಿದ್ದ. ಅದನ್ನು ಹುಡುಕಿ ಎತ್ತಬೇಕು. ಡ್ಯಾಂ ತುಂಬಿದ್ದರಿಂದ ದಂಡೆಯ ಜಾಲಿ ಗಿಡಗಳೆಲ್ಲ ನೀರೊಳಗೆ ಹೋಗಿದ್ದವು. ರಬ್ಬರ್ ಬೋಟಿನಲ್ಲಿ ಒಂದಿಷ್ಟು ಹುಡುಗರು, ಹರಿಗೋಲಿನ ಗಾದಿಲಿಂಗಪ್ಪನ ಜೊತೆ ಇನ್ನೊಂದಿಷ್ಟು ಹುಡುಗರು ಹಗ್ಗ, ಕೊಕ್ಕೆ ಹಿಡಿದು ಹೋದರು. ಗಾದಿಲಿಂಗಪ್ಪ ಆ ನೀರಲ್ಲೇ ಮೀನು ಹಿಡಿಯೋ ಮುದುಕ.

ಇಲ್ಲಿ ನಾವು ಒಲೆ ಹಚ್ಚಿದೆವು. ಒಣಗಿದ ಜಾಲಿ ಕಟ್ಟಿಗೆ, ಚೆಂದ ಉರಿಯಿತು. ನನ್ನ ಬೇಳೆ ಕೈಯಲ್ಲಿ ಹಿಸುಕಿದರೆ ಹಿಟ್ಟಾಯಿತು. ಬದನೆಕಾಯಿ ಪಲ್ಯ ಇಳಿಸಿಯೂ ಆಯಿತು. ಹುಲಿಗೆಮ್ಮ ಎಸರಿಗೆ ಅಕ್ಕಿ ಹಾಕಿ ಭಾಳ ಹೊತ್ತಾಗಿತ್ತು.

"ಯಕ್ಕಾ, ಇದು ಬೇಯ್ವಲ್ದು" ಅಂದಳು.

ಸೌಟಿನಲ್ಲಿ ಎತ್ತಿ ಬೆರಳಲ್ಲಿ ಒತ್ತಿ ನೋಡಿದೆ. ಕಾಳು ಕಾಳು ಹಂಗೇ ಇತ್ತು, ಈಗ ತಾನೇ ಚೀಲದಿಂದ ತೆಗೆದಂಗೆ. ಬಾಯಿಗೆ ಹಾಕಿ ಕಡಿದೆ, ಕಟಕ್ ಅಂತು. ನೀರು ಕುದಿಯುತ್ತಿತ್ತು, ನೊರೆ ಉಕ್ಕುತ್ತಿತ್ತು, ಅಕ್ಕಿ ಮಾತ್ರ ಉಬ್ಬಿರಲಿಲ್ಲ. ಗಂಜಿ ಬೆಳ್ಳಗೂ ಆಗಿರಲಿಲ್ಲ.

"ಮಾತಾಡ್ಕೊಂಡು ಕುಂತು ಉರಿ ಆರಿಸಿದ್ದಿ, ಇನ್ನೇನು" ಅಂತ ಬೈದೆ.

"ನಿನ್ನ ಕಣ್ಣ ಮುಂದನ ಐತಲ್ಲ ಉರಿ, ಕೈ ಇಟ್ಟು ನೋಡು" ಅಂದಳು. ಹೌದು, ಉರಿ ಬೇಕಾದಷ್ಟಿತ್ತು.

ಹಳೇ ಅಕ್ಕಿ ಇರಬೇಕು ಅಂತ ದಂಡೆಯಲ್ಲೇ ಉಳಿದಿದ್ದ ಕಂಪ್ಲಿ ಮಿಲ್ಲಿನ ಹುಡುಗನನ್ನು ಕರೆದು ತೋರಿಸಿದೆ. ಅವನು ಚೀಲದ ಅಕ್ಕಿ ಮೂಸಿ, ಕಡಿದು ನೋಡಿ, "ಅಮ್ಮಾ, ಮಸ್ತ್ ಅಕ್ಕಿ ಇದು, ನಮ್ಮ ಮದುವೀಗೂ ಇದನ್ನs ತರೋದು" ಅಂದ. ನೀರಿನ ದೋಷ ಅನ್ನೋಕೆ ಬೇಳೆ ಅದೇ ನೀರಲ್ಲಿ ಬೆಂದಿತ್ತು. ಸಾಹೇಬ ಬಂದು ನೋಡಿದರೆ ಬಾಯಿ ಮಾಡುತ್ತಾನೆ ಅಂತ, "ನೀರಿಗೆ ಚೆಲ್ಲಿ ಬಾ, ಇನ್ನೊಂದು ಸಲ ಹಾಕು" ಅಂದೆ. ಹುಲಿಗೆಮ್ಮ ನೀರು ಬಸಿದು, ಅಕ್ಕಿಯನ್ನು ಬುಟ್ಟಿಗೆ ಸುರಿದುಕೊಂಡು ದಂಡೆಗೆ ಹೋಗಿ ಚೆಲ್ಲಿ ಬಂದಳು.

ಎರಡನೇ ಸಲವೂ ಅವಳೇ ತೊಳೆದು ಹಾಕಿದಳು. ಈ ಸಲ ನಾನು ಅಲ್ಲೇ ಕೂತೆ. ಕಟ್ಟಿಗೆ ನಾನೇ ದೂಡಿದೆ. ಡಬರಿಯ ತಳ ಕೆಂಪಾಗುವಷ್ಟು ಉರಿ ಕೊಟ್ಟೆ. ಮತ್ತೆ ಅದೇ. ಗಾದಿಲಿಂಗಪ್ಪ ಹರಿಗೋಲನ್ನು ಹುಡುಗರ ಕೈಗೆ ಕೊಟ್ಟು ಬೀಡಿ ಹಚ್ಚಿಕೊಳ್ಳೋಕೆ ಒಲೆ ಹತ್ತಿರ ಬಂದವನು ಇಣುಕಿ ನೋಡಿದ.

"ಏನ್ ಬೇ, ಮಧ್ಯಾಹ್ನಕ್ಕ ಹಸೀ ಅಕ್ಕಿ ಹಾಕ್ತೀರೇನು ನಮಗ? ಬೇಯದಿದ್ದ ಅಕ್ಕಿ ಹೆಣದ ಬಾಯಿಗಷ್ಟ ಹಾಕೋದು."

"ನಿನ್ನ ಬಾಯಿಗs ಹಾಕ್ತೀನಿ, ನಡೀ ಮುದುಕಾ" ಅಂದೆ. ಹುಲಿಗೆಮ್ಮ ನಕ್ಕಳು. ಸರಿಯಾಗಿ ನೆನಪಿದೆ, ನಕ್ಕಳು. ನಕ್ಕೊಂಡೇ ಎರಡನೇ ಸಲದ್ದನ್ನೂ ಬುಟ್ಟಿಗೆ ಸುರಿದುಕೊಂಡು ಮೊದಲಿನ ಜಾಗಕ್ಕೇ ಹೋಗಿ ಚೆಲ್ಲಿದಳು.

ನಮ್ಮ ಕಡೆ ಹೆಣ ಎತ್ತುವ ಮುಂಚೆ ಮನೆಯವರು ಒಬ್ಬೊಬ್ಬರೇ ಬಂದು ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ಅದನ್ನು ಬೇಯಿಸೋದಿಲ್ಲ. ಗಾದಿಲಿಂಗಪ್ಪ ಹೇಳಿದ್ದು ಆ ಮಾತು.

ಅವಳು ಬುಟ್ಟಿ ಜಾಡಿಸಿಕೊಂಡು ಇನ್ನೂ ಒಲೆ ಹತ್ತಿರ ಬಂದಿರಲಿಲ್ಲ, ಹರಿಗೋಲಿನಿಂದ ಕೂಗು ಕೇಳಿತು. ಅವಳು ಅಕ್ಕಿ ಚೆಲ್ಲಿದ್ದ ಕಡೆಯೇ, ಸ್ವಲ್ಪ ಒಳಗೆ, ಮುಳುಗಿದ ಜಾಲಿ ಗಿಡದಲ್ಲಿ ಕೊಕ್ಕೆ ಸಿಕ್ಕಿತ್ತು. "ಸಿಕ್ತು! ಸಿಕ್ತು!" ಅಂತ ಹುಡುಗರು ಕುಣಿದರು. ಅಂಗಿ ತೋಳು ಮೇಲೆ ಬಂತು. ದಂಡೆಯ ಮೇಲಿದ್ದವರು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ನಾವಿಬ್ಬರೂ ಚಪ್ಪಾಳೆ ಹೊಡೆದೆವು. ಆಮೇಲೆ ಹರಿಗೋಲಿನಲ್ಲಿದ್ದ ಒಬ್ಬ ಹುಡುಗ ಹಗ್ಗ ಬಿಟ್ಟು ಕೂತುಬಿಟ್ಟ. ಇನ್ನೊಬ್ಬ ನೀರಿಗೆ ಬಗ್ಗಿ ವಾಂತಿ ಮಾಡಿದ. ಚಪ್ಪಾಳೆ ನಿಂತಿತು. ಸಾಹೇಬ ಹಾಕಿದ್ದ ಬೊಂಬೆ ಆ ಕಡೆ ಇರಲೇ ಇಲ್ಲ.

ಸಾಹೇಬ ಗಟ್ಟಿ ಮನುಷ್ಯ. ಕಲಿಸಿದಂಗೇ ಎತ್ತಬೇಕು, ಜೋರಾಗಿ ಎಳೆಯಬಾರದು ಅಂತ ಕೂಗಿ ಹೇಳಿ ದಂಡೆಗೆ ತರಿಸಿದ. ತಾಡಪತ್ರಿ ಮುಚ್ಚಿಸಿದ. ನಾನು ನೋಡಲಿಲ್ಲ. ಮುಖ ಅಂತ ಉಳಿದಿಲ್ಲ, ಗಂಡಸಿನ ಹೆಣ ಅಂತ ಗಾದಿಲಿಂಗಪ್ಪ ಬಂದು ಹೇಳಿದ. ಪೊಲೀಸರು ಬಂದರು. ಸುತ್ತಮುತ್ತ ಯಾರಾದರೂ ಕಾಣೆಯಾಗಿದ್ದಾರೇನು ಅಂತ ಕೇಳಿದರು. ಯಾರೋ ಹುಲಿಗೆಮ್ಮನ ಕಡೆ ಕೈ ತೋರಿಸಿದರು.

"ಅಮ್ಮಾ, ಅಂಗಿ, ಉಡದಾರ ಅಷ್ಟು ನೋಡಿ ಹೇಳು. ಹೆದರಬ್ಯಾಡ" ಅಂದರು ಪೊಲೀಸರು.

ಅವಳು ಸೆರಗು ಸುತ್ತಿಕೊಂಡು ಹೋದಳು. ನಾನು ಒಲೆ ಬಿಟ್ಟು ಹೋಗಲಿಲ್ಲ. ಅಷ್ಟು ಹುಡುಗರು ಹೊಟ್ಟೆಗಿಲ್ಲದೆ ನೀರಲ್ಲಿ ನೆನೆದು ಕೂತಿದ್ದರು, ಏನಾದರೂ ಮಾಡಬೇಕಿತ್ತಲ್ಲ. ಅದೇ ಚೀಲದ ಅಕ್ಕಿ, ಅದೇ ಡ್ರಮ್ಮಿನ ನೀರು, ಅದೇ ಡಬರಿ, ಅದೇ ಒಲೆ. ನಾನೇ ತೊಳೆದು ನಾನೇ ಹಾಕಿದೆ. ಉರಿಯ ಕಡೆ ಲಕ್ಷ್ಯವೂ ಇರಲಿಲ್ಲ, ಕಣ್ಣೆಲ್ಲ ಆ ತಾಡಪತ್ರಿ ಕಡೆ. ಎಂದಿನಂತೆ ಬೆಂದಿತು. ಮಲ್ಲಿಗೆ ಮೊಗ್ಗಿನಂಗೆ ಬಿಡಿಬಿಡಿಯಾಗಿ.

ಹುಲಿಗೆಮ್ಮ ನೇರವಾಗಿ ಒಲೆ ಹತ್ತಿರ ಬರಲಿಲ್ಲ. ನೀರಿಗಿಳಿದು ತಲೆ ಮುಳುಗಿಸಿ ಎದ್ದು, ಒದ್ದೆ ಕೂದಲಲ್ಲಿ ಬಂದಳು. ಹೆಣ ನೋಡಿದವರು ಯಾರಾದರೂ ಮೈಲಿಗೆ ಅಂತ ಸ್ನಾನ ಮಾಡುತ್ತಾರೆ, ಅದರಲ್ಲಿ ವಿಶೇಷವಿಲ್ಲ.

"ನಮ್ಮೋರಲ್ಲ" ಅಂದಳು.

ಅವಳ ಕಣ್ಣು ಡಬರಿಯ ಮೇಲೆ ಬಿತ್ತು. ಬೆಂದ ಅನ್ನ ಹೊಗೆಯಾಡುತ್ತಿತ್ತು. "ಯಾರು ಹಾಕಿದ್ರು?" ಅಂದಳು. "ನಾನು" ಅಂದೆ. ಅವಳು ಹಿಂದಕ್ಕೆ ಸರಿದು ಈರುಳ್ಳಿ ಚೀಲದ ಮೇಲೆ ಕೂತಳು. ಆ ದಿನ ಅವಳು ಸೌಟು ಮುಟ್ಟಲಿಲ್ಲ.

ಅನ್ನವಾಯಿತು, ಉಣ್ಣೋರಿರಲಿಲ್ಲ. ತಟ್ಟೆ ಹಿಡಿದು ಹುಡುಗರು ನೆಲ ನೋಡುತ್ತಾ ಕೂತರು. "ನಾಳೆ ಖರೇನ ಯಾರಾದ್ರೂ ಬಿದ್ರ ಹಿಂಗs ಕುಂದ್ರತೀರೇನ್ರೋ, ಉಣ್ರಿ" ಅಂತ ಜಬರಿಸಿದೆ. ಒಂದಿಬ್ಬರು ಎರಡು ತುತ್ತು ತಿಂದರು. ಗಾದಿಲಿಂಗಪ್ಪ ಹೊಟ್ಟೆ ತುಂಬ ಉಂಡ. ಆ ಹೆಣಕ್ಕೆ ಯಾರೂ ಬರಲಿಲ್ಲ. ಬೇವಾರಸಿ ಅಂತ ಮಣ್ಣು ಮಾಡಿದರು ಅಂತ ಆಮೇಲೆ ಕೇಳಿದೆ.

ಹೇಳಿದ ದಿನವೇ ಮದುವೆ ನಡೆಯಿತು. ಅಡುಗೆ ನನ್ನದೇ. ಮದುವೆ ಅಡುಗೆಗೆ ಒಲೆ ಹಚ್ಚುವಾಗ ಹೆಣ್ಣಿನ ತಾಯಿ ಒಲೆಗೆ ಅರಿಶಿನ, ಕುಂಕುಮ ಇಟ್ಟು, ಎಸರಿಗೆ ಮೊದಲ ಹಿಡಿ ಅಕ್ಕಿ ಹಾಕಬೇಕು. ಆಮೇಲೆ ನಮ್ಮ ಕೆಲಸ. ನಾನು ಗಂಡ ಸತ್ತವಳಾದ್ದರಿಂದ ಅಷ್ಟು ಹೊತ್ತು ಹೊರಗೆ ನಿಲ್ಲುತ್ತೀನಿ. ಇಷ್ಟು ವರ್ಷದ ರೂಢಿ, ನನಗೆ ಅದರಲ್ಲಿ ಬೇಸರವೂ ಇಲ್ಲ. ಆ ದಿನವೂ ಎದ್ದು ಹೊರಟೆ. ಹುಲಿಗೆಮ್ಮ ಹಸಿರು ಬಳೆ, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದಳು. ಜೊತೆಗಿದ್ದ ಹೆಂಗಸರನ್ನು ವೀಳ್ಯದೆಲೆ ತರ್ರಿ, ನೀರು ತರ್ರಿ ಅಂತ ಆಚೆ ಕಳಿಸಿ ನನ್ನ ಕೈ ಹಿಡಿದಳು.

"ಯಕ್ಕಾ, ನೀನು ಹಾಕು."

"ತಲಿ ಕೆಟ್ಟೈತೇನ ನಿನಗ? ನಾನು ಮುಟ್ಟಬಹುದೇನ ಮದುವಿ ಅಕ್ಕಿ? ನೋಡಿದ್ರ ಗಂಡಿನ ಕಡೇರು ಸುಮ್ನ ಬಿಡ್ತಾರೇನು?"

"ಜಲ್ದಿ ಹಾಕು. ನೀನು ಹಾಕಿದ್ರ ಬೇಯ್ತೈತಿ."

ಅಷ್ಟೇ ಅಂದಳು. ನನ್ನ ಕೈಯನ್ನು ಅಕ್ಕಿ ಬುಟ್ಟಿಯ ಕಡೆ ಎಳೆದಳು. ನಾನು ಒಂದು ಹಿಡಿ ತೆಗೆದು ಎಸರಿಗೆ ಹಾಕಿದೆ. ಹೆಂಗಸರು ವಾಪಸು ಬರುವಷ್ಟರಲ್ಲಿ ಹೊರಗೆ ನಿಂತಿದ್ದೆ. ಅನ್ನ ಬೆಂದಿತು. ಅಪ್ಪನಿಗೆ ರಜಾ ಸಿಗಲಿಲ್ಲ ಅಂತ ಹೇಳಿ ಹುಡುಗಿಯ ಸೋದರಮಾವನ ಕೈಯಲ್ಲಿ ಧಾರೆ ಎರೆಸಿದರು, ಮದುವೆ ಆಯಿತು.

ಆಮೇಲೆ ಒಂದು ದಿನ ಇಬ್ಬರೇ ಇದ್ದಾಗ ನಾನು ನೇರವಾಗಿ ಕೇಳಿದೆ, "ಯಾರೇ ಅವ, ಹಿನ್ನೀರಾಗ ಸಿಕ್ಕವ?" "ಸಾರಿಗೆ ಉಪ್ಪು ಹಾಕೀಯೋ ಇಲ್ಲೋ ನೋಡ್ಕೋ ಯಕ್ಕಾ" ಅಂದಳು. ಮತ್ತೆ ಕೇಳಲಿಲ್ಲ. ಹೆಣ ಗುರುತು ಹಿಡಿಯೋದು ನನ್ನ ಕೆಲಸವಲ್ಲ.

ಪಂಪಾಪತಿ ಇಂದಿಗೂ ಬಂದಿಲ್ಲ. ಗೋವಾದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಅಂತ ಜನ ಆಡುತ್ತಾರೆ, ಅವಳು ಇಲ್ಲ ಅನ್ನೋದಿಲ್ಲ. ಕುಂಕುಮ, ಬಳೆ ಹಂಗೇ ಇವೆ. ಮಗಳು ಕಂಪ್ಲಿ ಕಡೆ ಗಂಡ, ಮಕ್ಕಳ ಜೊತೆ ಚೆನ್ನಾಗಿದ್ದಾಳೆ. ಇನ್ನು ಅವಳನ್ನು ಯಾರೂ ತವರಿಗೆ ಅಟ್ಟೋದಿಲ್ಲ ಅನ್ನೋ ಧೈರ್ಯದ ಮೇಲೆ ಇದನ್ನು ಬರೆದೆ.

ಆ ಚೀಲದಲ್ಲಿ ಉಳಿದ ಅಕ್ಕಿಯನ್ನು ನಾನು ಮನೆಗೆ ತಂದು ಬೇಯಿಸಿಕೊಂಡು ಉಂಡೆ. ಅದರಲ್ಲಿ ಏನೂ ದೋಷವಿರಲಿಲ್ಲ. ಎರಡು ಸಲ ಯಾಕೆ ಬೇಯಲಿಲ್ಲ ಅಂತ ಓದಿದವರನ್ನು ಕೇಳಿದೆ. ನೀರು ಅಂದರು, ಉರಿ ಅಂದರು, ಮುದುಕಿ ನಿನಗೆ ಮರೆವು ಅಂದರು. ಅನ್ನ ಮಾಡಿ ಮಾಡಿ ಕೈ ಸವೆದವಳಿಗೆ ಬೆಂದದ್ದು ಯಾವುದು, ಬೇಯದ್ದು ಯಾವುದು ಅಂತ ಗೊತ್ತಾಗೋದಿಲ್ಲವೇನು?

ಹುಲಿಗೆಮ್ಮ ಈಗಲೂ ನನ್ನ ಜೊತೆ ಕೆಲಸಕ್ಕೆ ಬರುತ್ತಾಳೆ. ರೊಟ್ಟಿ ಬಡಿಯುತ್ತಾಳೆ, ಬೇಳೆ ಬೇಯಿಸುತ್ತಾಳೆ, ಅಕ್ಕಿ ಆರಿಸುತ್ತಾಳೆ, ತೊಳೆಯುತ್ತಾಳೆ. ತೊಳೆದು ಒಲೆ ಪಕ್ಕ ಇಟ್ಟು ಎದ್ದು ಹೋಗುತ್ತಾಳೆ. ಎಸರಿಗೆ ನಾನು ಹಾಕಬೇಕು. ಮಗಳು ಮಕ್ಕಳನ್ನು ಕರೆದುಕೊಂಡು ಬಂದಾಗ ಆ ಮಕ್ಕಳು ಅನ್ನ ಬೇಕು ಅಂತ ಅತ್ತರೆ ನನ್ನ ಮನೆಗೆ ಪಾತ್ರೆ ಕಳಿಸುತ್ತಾಳೆ.

ಒಂದು ಸಲ ಹಾಕಿಯಾದರೂ ನೋಡು ಅಂತ ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತುದಿಗೆ ಬಂದಿದೆ. ಹೇಳಿಲ್ಲ. ಬೆಂದರೆ ಅವಳು ಏನು ಮಾಡುತ್ತಾಳೋ, ಬೇಯದಿದ್ದರೆ ನಾನು ಏನು ಮಾಡುತ್ತೀನೋ, ಗೊತ್ತಿಲ್ಲ. ಪಾತ್ರೆ ಬಂದರೆ ಅನ್ನ ಮಾಡಿ ಕಳಿಸುತ್ತೀನಿ.